ಪ್ಯೂರಿಟನ್ನರ ಊರಲ್ಲಿ ಆಳ್ತಿದ್ದೋರು ಪಾದ್ರಿನೋ ಗವರ್ನರೋ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವಳು, ಎಂ.ಎ. ಹಿಸ್ಟರಿ ಕೊನೇ ಸೆಮಿಸ್ಟರ್. ಅಮೆರಿಕಾ ಇತಿಹಾಸದ ಪೇಪರ್‌ಗೆ ಪ್ರಾಜೆಕ್ಟ್ ಮಾಡ್ಬೇಕು, ಟಾಪಿಕ್ಕು ಆರಂಭದ ಇಂಗ್ಲಿಷ್ ವಸಾಹತುಗಳಲ್ಲಿ ಸರ್ಕಾರ, ಧರ್ಮ, ಸಮಾಜ. ಗೈಡಲ್ಲಿ ಪ್ಯೂರಿಟನ್ನರು ಧಾರ್ಮಿಕ ಸ್ವಾತಂತ್ರ್ಯಕ್ಕೋಸ್ಕರ ಬಂದ್ರು ಅಂತಿದೆ. ಕ್ಲಾಸಲ್ಲಿ ಮೇಡಂ ಅದು ಪಕ್ಕಾ ಥಿಯಾಕ್ರಸಿ, ಪಾದ್ರಿಗಳ ರಾಜ್ಯ ಅಂದ್ರು. ಬಾಸ್ಟನ್ನಲ್ಲಿರೋ ನಮ್ಮ ಚಿಕ್ಕಪ್ಪ ಫೋನಲ್ಲಿ "ಇಲ್ಲ ಕಣೆ, ಇಲ್ಲಿ ಮೊದಲಿಂದಲೂ ಚರ್ಚ್ ಬೇರೆ ಸರ್ಕಾರ ಬೇರೆ" ಅಂತಾರೆ. ಯಾವ್ದು ನಿಜ ಸರ್? ಯಾವ್ದು ಬರೆದ್ರೆ ಮಾರ್ಕ್ಸ್ ಹೋಗಲ್ಲ? 13 ಕಾಲೋನಿನೂ ಕವರ್ ಮಾಡ್ಬೇಕಾ, ಅಥವಾ ಮ್ಯಾಸಚೂಸೆಟ್ಸಿಂದ ಗಡಿಪಾರಾದ ಆನ್ ಹಚಿನ್‌ಸನ್ ಅನ್ನೋ ಹೆಂಗಸಿನ ಕೇಸ್ ಒಂದನ್ನೇ ಬರೆದ್ರೆ ನಡೆಯತ್ತಾ? ಸಿನಾಪ್ಸಿಸ್ ಜೊತೆಗೆ ಕಳಿಸಿದೀನಿ.

ಉತ್ತರ: ಗೈಡು, ಮೇಡಂ, ಚಿಕ್ಕಪ್ಪ ಮೂರು ಜನ ಮೂರು ದಿಕ್ಕಿಗೆ ಎಳೀತಿದಾರೆ, ನೀವು ಮಧ್ಯ ಸಿಕ್ಕಾಕೊಂಡಿದೀರಿ. ನಾನು ಈ ಪೇಪರ್ ಪಾಠ ಮಾಡಿದೋನು, ವ್ಯಾಲ್ಯುಯೇಷನ್ನಿಗೂ ಕೂತೋನು, ಅದಕ್ಕೇ ಹೇಳ್ತೀನಿ, ಮೂರು ಮಾತಲ್ಲೂ ಒಂದಿಷ್ಟು ಸತ್ಯ ಇದೆ ಆದ್ರೆ ಯಾವ ಒಂದನ್ನ ಹಿಡ್ಕೊಂಡು ಹೊರಟ್ರೂ ಅರ್ಧ ದಾರಿಲಿ ಕೈ ಕೊಡತ್ತೆ. ಒಂದು ವಸಾಹತು ಹೇಗಿತ್ತು ಅಂತ ತಿಳ್ಕೋಬೇಕಾದ್ರೆ ಅವರು ಬಾಯಲ್ಲಿ ಏನು ಹೇಳ್ಕೊಂಡ್ರು ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಟ್ಟು ಮೂರು ವಿಷಯ ನೋಡಿ: ಚಾರ್ಟರ್ (ವಸಾಹತು ನಡೆಸೋಕೆ ರಾಜ ಕೊಟ್ಟ ಸನದು) ಯಾರ ಕೈಲಿತ್ತು, ಓಟು ಯಾರಿಗಿತ್ತು, ಪಾದ್ರಿ ಸಂಬಳ ಯಾರ ಜೇಬಿಂದ ಹೋಗ್ತಿತ್ತು. ಇಷ್ಟು ಸಿಕ್ಕಿದ್ರೆ ಮಿಕ್ಕಿದ್ದು ತಾನಾಗೇ ಬಿಚ್ಕೊಳ್ಳತ್ತೆ.

ಮೊದಲು ಗೈಡಿನ ಮಾತು. ಪ್ಲಿಮತ್‌ಗೆ 1620ರಲ್ಲಿ ಮೇಫ್ಲವರ್ ಹಡಗಲ್ಲಿ ಬಂದೋರು 102 ಜನ, ಅದ್ರಲ್ಲಿ ಹಾಲೆಂಡಿನ ಲೈಡನ್ ಕಡೆಯಿಂದ ಬಂದ ಪ್ರತ್ಯೇಕತಾವಾದಿಗಳು ಸುಮಾರು ಅರ್ಧ ಅಷ್ಟೇ, ಮಿಕ್ಕೋರು ಹೊಟ್ಟೆಪಾಡಿಗೆ ಬಂದೋರು. ಈ ಪ್ರತ್ಯೇಕತಾವಾದಿಗಳು ಇಂಗ್ಲೆಂಡಿನ ಚರ್ಚ್ ಸಹವಾಸವೇ ಬೇಡ ಅಂತ ಬಿಟ್ಟು ಬಂದೋರು. 1630ರಲ್ಲಿ ಗವರ್ನರ್ ಜಾನ್ ವಿಂತ್ರಪ್ ಜೊತೆ 11 ಹಡಗಲ್ಲಿ ಮ್ಯಾಸಚೂಸೆಟ್ಸ್ ಬೇಗೆ ಬಂದ ಪ್ಯೂರಿಟನ್ನರು ಬೇರೆ ಗುಂಪು, ಅವರು ಚರ್ಚನ್ನ ಬಿಟ್ಟಿಲ್ಲ, ಶುದ್ಧ ಮಾಡ್ತೀವಿ ಅಂತ ಹೊರಟೋರು. ಗೈಡುಗಳು ಇವರಿಬ್ರನ್ನೂ ಕಲಸಿ ಒಂದೇ ಮಾಡಿಬಿಟ್ಟಿವೆ, ಇದೊಂದನ್ನ ಸರಿಯಾಗಿ ಬರೆದ್ರೂ ಎಕ್ಸಾಮಿನರ್ ಖುಷಿ ಪಡ್ತಾರೆ. ಇನ್ನು ಸ್ವಾತಂತ್ರ್ಯ. ವಿಂತ್ರಪ್ ಕಡೆಯೋರಿಗೆ ಬೇಕಾಗಿದ್ದು ತಾವು ಸರಿ ಅಂತ ನಂಬಿದ ರೀತಿಲಿ ಪೂಜೆ ಮಾಡೋ ಸ್ವಾತಂತ್ರ್ಯ, ಪಕ್ಕದ ಮನೆಯೋನಿಗೆ ಅವನಿಷ್ಟದ ಹಾಗೆ ಮಾಡೋಕೆ ಬಿಡ್ತೀವಿ ಅಂತ ಅವರು ಯಾವತ್ತೂ ಹೇಳಿಲ್ಲ, ಹೇಳಿಲ್ಲದ ಮಾತಿಗೆ ಅವರನ್ನ ಬೈಯೋದೂ ಬೇಡ ಹೊಗಳೋದೂ ಬೇಡ. ಕ್ರಿಸ್‌ಮಸ್ ಆಚರಿಸಿದ್ರೆ 5 ಶಿಲ್ಲಿಂಗ್ ದಂಡ ಅಂತ 1659ರಲ್ಲಿ ಕಾನೂನು ಮಾಡಿದ್ರು, ಬೈಬಲ್ಲಲ್ಲಿ ಆ ಹಬ್ಬ ಇಲ್ಲ ಅನ್ನೋದು ಅವರ ವಾದ, ಅದು ರದ್ದಾಗಿದ್ದು 1681ರಲ್ಲಿ. ಕ್ರಿಶ್ಚಿಯನ್ನರೇ ಕ್ರಿಸ್‌ಮಸ್ ಬ್ಯಾನ್ ಮಾಡಿದ್ರು ಅಂದ್ರೆ ನಮ್ಮ ಹುಡುಗ್ರು ಕ್ಲಾಸಲ್ಲಿ ಯಾವತ್ತೂ ನಂಬಲ್ಲ.

ಈಗ ಮೇಡಂ ಹೇಳಿದ ಥಿಯಾಕ್ರಸಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು ಯಾಕಂದ್ರೆ ನಿಮ್ಮ ಪ್ರಾಜೆಕ್ಟಿನ ಜೀವ ಇಲ್ಲೇ ಇದೆ. ಮ್ಯಾಸಚೂಸೆಟ್ಸಲ್ಲಿ ಪಾದ್ರಿ ಆಗಿರೋ ತನಕ ಸರ್ಕಾರಿ ಹುದ್ದೆ ಹಿಡಿಯೋ ಹಾಗಿರ್ಲಿಲ್ಲ. ಆಗ ಇಂಗ್ಲೆಂಡಲ್ಲಿ ಏನಿತ್ತು ನೋಡಿ, ಬಿಷಪ್ಪುಗಳು ಹೌಸ್ ಆಫ್ ಲಾರ್ಡ್ಸಲ್ಲಿ ಕೂರ್ತಿದ್ರು, ಮದುವೆ, ಉಯಿಲು ಎಲ್ಲ ಚರ್ಚ್ ಕೋರ್ಟಿಗೆ ಹೋಗ್ತಿತ್ತು. ಇವರು ಬಂದು ಚರ್ಚ್ ಕೋರ್ಟನ್ನೇ ಕಿತ್ತಾಕಿದ್ರು. ಮದುವೆನೂ ಮ್ಯಾಜಿಸ್ಟ್ರೇಟ್ ಮುಂದೆ, ಪಾದ್ರಿ ಮಾಡ್ಸೋ ಹಾಗಿಲ್ಲ, ಅಂದ್ರೆ ಒಂಥರಾ ರಿಜಿಸ್ಟರ್ ಮ್ಯಾರೇಜು, ಅದೂ 17ನೇ ಶತಮಾನದಲ್ಲಿ. 1641ರ ಬಾಡಿ ಆಫ್ ಲಿಬರ್ಟೀಸ್ ಕಾನೂನಲ್ಲಿ ಇನ್ನೂ ಒಂದು ಮಾತಿದೆ, ಚರ್ಚ್ ಒಬ್ಬನನ್ನ ಬಹಿಷ್ಕಾರ ಹಾಕಿದ್ರೂ ಆ ಕಾರಣಕ್ಕೆ ಅವನ ಸರ್ಕಾರಿ ಹುದ್ದೆ ಹೋಗೋ ಹಾಗಿಲ್ಲ. ಇಷ್ಟು ನೋಡಿದ್ರೆ ಚಿಕ್ಕಪ್ಪನೇ ಗೆದ್ರು ಅನ್ಸತ್ತೆ.

ಆದ್ರೆ ಓಟಿನ ಪಟ್ಟಿ ತೆಗೀರಿ. 1631ರಲ್ಲಿ ಜನರಲ್ ಕೋರ್ಟ್, ಅಂದ್ರೆ ಅಲ್ಲಿನ ಆಡಳಿತ ಸಭೆ, ಒಂದು ತೀರ್ಮಾನ ಮಾಡ್ತು, ಇನ್ಮೇಲೆ ಚರ್ಚ್ ಸದಸ್ಯರಿಗೆ ಮಾತ್ರ ಫ್ರೀಮನ್ (ಪೂರ್ಣ ಹಕ್ಕಿರೋ ಸದಸ್ಯ) ಪಟ್ಟ, ಫ್ರೀಮನ್ ಆದ್ರೆ ಮಾತ್ರ ಗವರ್ನರ್ ಚುನಾವಣೆಲಿ ಓಟು. ಸದಸ್ಯತ್ವ ಏನು ಸುಮ್ನೆ ಸಿಗ್ತಿತ್ತಾ? ಸ್ವಲ್ಪ ವರ್ಷದಲ್ಲೇ, ದೇವರ ಕೃಪೆ ನನ್ನ ಮೇಲೆ ಹೇಗಾಯ್ತು ಅಂತ ಸಭೆ ಮುಂದೆ ತನ್ನ ಅನುಭವ ಹೇಳ್ಬೇಕು, ಕೇಳಿದೋರಿಗೆ ಅದು ನಿಜ ಅನ್ನಿಸ್ಬೇಕು ಅನ್ನೋ ಪದ್ಧತಿ ಗಟ್ಟಿ ಆಯ್ತು. ಹೆಂಗಸರು ಸದಸ್ಯರಾಗ್ಬಹುದಿತ್ತು, ಓಟು ಮಾತ್ರ ಇಲ್ಲ. ಸದಸ್ಯ ಆಗದೋನೂ ಭಾನುವಾರ ಹೋಗ್ಲೇಬೇಕು, ಹೋಗ್ಲಿಲ್ಲ ಅಂದ್ರೆ ದಂಡ, 1638ರಿಂದ ಪಾದ್ರಿ ಖರ್ಚಿಗೂ ಅವನು ದುಡ್ಡು ಕೊಡ್ಬೇಕು. ಮರಣದಂಡನೆ ಕಾನೂನುಗಳ ಪಕ್ಕದಲ್ಲಿ ಬೈಬಲ್ಲಿನ ಅಧ್ಯಾಯ, ವಚನದ ನಂಬರ್ ಕೊಟ್ಟಿದಾರೆ. ಆ ಬಾಡಿ ಆಫ್ ಲಿಬರ್ಟೀಸ್ ಕರಡು ಬರೆದ ನಥಾನಿಯಲ್ ವಾರ್ಡ್ ಯಾರು ಅಂತೀರಾ, ಇಪ್ಸ್‌ವಿಚ್ ಊರಿನ ಪಾದ್ರಿಯಾಗಿದ್ದೋನು, ಅದಕ್ಕೂ ಮುಂಚೆ ಲಾಯರ್ರು. ಹಾಗಾಗಿ ನಾನು ಹೀಗೆ ಹೇಳ್ತೀನಿ: ಪಾದ್ರಿ ಕುರ್ಚಿ ಬೇರೆ, ಗವರ್ನರ್ ಕುರ್ಚಿ ಬೇರೆ, ಆದ್ರೆ ಇಬ್ರನ್ನೂ ಆರಿಸ್ತಿದ್ದ ಜನ ಒಂದೇ. ಮೇಡಂ ಮಾತಿಗೆ ಇಷ್ಟು ಸೇರಿಸಿ ಬರೆದ್ರೆ ಅವರ ಮಾತನ್ನ ಕತ್ತರಿಸಿದ ಹಾಗೂ ಆಗಲ್ಲ.

ಇದೆಲ್ಲ ಆಗೋಕೆ ಕಾರಣ ದೇವರಿಗಿಂತ ಜಾಸ್ತಿ ಒಂದು ಕಂಪನಿ ಕಾಗದ ಅನ್ನೋದು ನನ್ನ ಅಭಿಪ್ರಾಯ. ಮ್ಯಾಸಚೂಸೆಟ್ಸ್ ಬೇ ಅನ್ನೋದು 1629ರಲ್ಲಿ ರಾಜನಿಂದ ಚಾರ್ಟರ್ ತಗೊಂಡ ವ್ಯಾಪಾರಿ ಕಂಪನಿ. ಆ ಚಾರ್ಟರಲ್ಲಿ ಕಂಪನಿ ಮೀಟಿಂಗು ಇಂಗ್ಲೆಂಡಲ್ಲೇ ನಡೀಬೇಕು ಅಂತ ಬರೆದಿರ್ಲಿಲ್ಲ, ಇವರು ಚಾರ್ಟರನ್ನೇ ಎತ್ಕೊಂಡು ಹಡಗು ಹತ್ತಿಬಿಟ್ರು. ಆಗ ಏನಾಯ್ತು, ಕಂಪನಿ ಷೇರುದಾರರ ಸಭೆಯೇ ಆ ನಾಡಿನ ಶಾಸನಸಭೆ ಆಯ್ತು, ಷೇರುದಾರರು ಮತದಾರರಾದ್ರು. 1634ರಲ್ಲಿ ಊರುಗಳ ಪ್ರತಿನಿಧಿಗಳು ಬಂದು ಎಲ್ಲಿ ಆ ಚಾರ್ಟರ್ ತೋರ್ಸಿ ಅಂದ್ರು, ನೋಡಿದ್ರೆ ಕಾನೂನು ಮಾಡೋ ಅಧಿಕಾರ ಫ್ರೀಮನ್ನರದ್ದು ಅಂತಿದೆ, ಅಲ್ಲಿವರೆಗೆ ವಿಂತ್ರಪ್ ಮತ್ತೆ ಅಸಿಸ್ಟೆಂಟ್ ಅನ್ನೋ ಕೆಲವೇ ಮೇಲಧಿಕಾರಿಗಳು ನಡೆಸ್ತಿದ್ದ ಆಟ ನಿಂತೋಯ್ತು, ಪ್ರತಿನಿಧಿಗಳು ಬಂದು ಕೂತ್ರು, ಆ ವರ್ಷ ವಿಂತ್ರಪ್ಪನ್ನ ಗವರ್ನರ್ ಹುದ್ದೆಯಿಂದಲೂ ಇಳಿಸಿದ್ರು. ಆಮೇಲೆ ಆ ಶಾಸನಸಭೆ ಎರಡು ಮನೆ ಆಗಿದ್ದು ಒಂದು ಹಂದಿ ಜಗಳದಿಂದ, ತಮಾಷೆ ಅಲ್ಲ. ಗುಡಿ ಶರ್ಮನ್ ಅನ್ನೋ ಬಡ ಹೆಂಗಸಿನ ಹಂದಿ ಕಳೆದೋಯ್ತು, ರಾಬರ್ಟ್ ಕೇನ್ ಅನ್ನೋ ದುಡ್ಡಿರೋ ವ್ಯಾಪಾರಿ ಅದನ್ನ ಕೊಯ್ದ ಅಂತ ಕೇಸು, ಜನರಲ್ ಕೋರ್ಟಿಗೆ ಬಂದಾಗ ಪ್ರತಿನಿಧಿಗಳು ಹೆಚ್ಚಿನವರು ಆಕೆ ಕಡೆ, ಅಸಿಸ್ಟೆಂಟ್‌ಗಳು ವ್ಯಾಪಾರಿ ಕಡೆ, ಯಾರ ಓಟು ಯಾರನ್ನ ತಡೀಬಹುದು ಅಂತ ಕಿತ್ತಾಟ, ಕೊನೆಗೆ 1644ರಲ್ಲಿ ಇಬ್ರೂ ಬೇರೆ ಬೇರೆ ಕೂರೋದು ಅಂತಾಯ್ತು. ಈ ಪ್ರಸಂಗನ ಪ್ರಾಜೆಕ್ಟಲ್ಲಿ ಹಾಕಿ, ಅಲ್ಲಿ ಬೈಬಲ್ ಎಲ್ಲೂ ಬರಲ್ಲ, ಬಡವ ಬಲ್ಲಿದ ಅನ್ನೋದು ಮಾತ್ರ ಬರತ್ತೆ.

ಸಮಾಜ ಅನ್ನೋ ಭಾಗಕ್ಕೆ ಮೀಟಿಂಗ್ ಹೌಸ್ ಬಗ್ಗೆ ಬರೀರಿ. ಊರ ಮಧ್ಯ ಒಂದು ಸಾದಾ ಕಟ್ಟಡ, ಶಿಲುಬೆ ಇಲ್ಲ, ಬಣ್ಣದ ಗಾಜಿಲ್ಲ, ಭಾನುವಾರ ಪ್ರಾರ್ಥನೆ ಅಲ್ಲೇ, ವಾರದ ದಿನ ಟೌನ್ ಮೀಟಿಂಗೂ ಅಲ್ಲೇ. ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದ ಕಟ್ಟೆ ಮೇಲೇ ಪಂಚಾಯ್ತಿ ಸೇರೋ ಹಾಗೆ ಅಂದ್ಕೊಳ್ಳಿ. ಯಾರು ಯಾವ ಬೆಂಚಲ್ಲಿ ಕೂರ್ಬೇಕು ಅನ್ನೋಕೆ ಕಮಿಟಿ ಮಾಡ್ತಿದ್ರು, ವಯಸ್ಸು, ಆಸ್ತಿ, ಸ್ಥಾನಮಾನ ನೋಡಿ ಸೀಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ. ದೇವರ ಮುಂದೆ ಎಲ್ರೂ ಪಾಪಿಗಳೇ, ಆದ್ರೆ ಮುಂದಿನ ಬೆಂಚು ಯಾವ ಪಾಪಿಗೆ ಅನ್ನೋದು ಕಮಿಟಿ ಕೈಲಿ.

ಇನ್ನು ವರ್ಜೀನಿಯಾ. ಗೈಡುಗಳಲ್ಲಿ ಉತ್ತರದಲ್ಲಿ ಧರ್ಮ, ದಕ್ಷಿಣದಲ್ಲಿ ದುಡ್ಡು ಅಂತ ಒಂದು ಗೆರೆ ಎಳೆದುಬಿಡ್ತಾರೆ, ಅದನ್ನ ನಂಬ್ಬೇಡಿ. 1607ರ ಜೇಮ್ಸ್‌ಟೌನ್ ವರ್ಜೀನಿಯಾ ಕಂಪನಿಯ ವ್ಯಾಪಾರ ನಿಜ, ಆದ್ರೆ 1610, 11ರ ಸುಮಾರಿಗೆ ಅಲ್ಲಿನ ಆಡಳಿತಗಾರರಾದ ಗೇಟ್ಸ್, ಡೇಲ್ ಜಾರಿ ಮಾಡಿದ ಮಿಲಿಟರಿ ಕಾನೂನಲ್ಲಿ ಭಾನುವಾರದ ಪ್ರಾರ್ಥನೆ ಮೂರನೇ ಸಲ ತಪ್ಪಿಸಿದ್ರೆ ಮರಣದಂಡನೆ ಅಂತ ಬರೆದಿತ್ತು. ಪ್ಯೂರಿಟನ್ನರೂ ಇಷ್ಟು ದೂರ ಹೋಗಿರ್ಲಿಲ್ಲ! 1619ರ ಜುಲೈ 30ಕ್ಕೆ ಅಲ್ಲಿ ಮೊದಲ ಪ್ರತಿನಿಧಿ ಸಭೆ ಸೇರಿದ್ದು ಎಲ್ಲಿ, ಜೇಮ್ಸ್‌ಟೌನ್ ಚರ್ಚಲ್ಲೇ. ಪಾದ್ರಿ ರಿಚರ್ಡ್ ಬಕ್ ಪ್ರಾರ್ಥನೆ ಮಾಡಿದ್ಮೇಲೆ ಶುರು. ವಿಪರೀತ ಸೆಕೆ, ಗವರ್ನರ್ ಯಾರ್ಡ್ಲಿಗೆ ಹುಷಾರಿಲ್ಲ, ಒಬ್ಬ ಪ್ರತಿನಿಧಿ ಮಧ್ಯದಲ್ಲೇ ಸತ್ತೋದ, ಆಗಸ್ಟ್ 4ಕ್ಕೆ ಸಭೆ ಮುಗಿಸಿಬಿಟ್ರು. ಅಷ್ಟರಲ್ಲಿ ಏನೇನು ಮಾಡಿದ್ರು ನೋಡಿ: ಒಳ್ಳೇ ತಂಬಾಕಿಗೆ ಪೌಂಡ್ ತೂಕಕ್ಕೆ 3 ಶಿಲ್ಲಿಂಗ್, ಎರಡನೇ ದರ್ಜೆಗೆ 18 ಪೆನ್ಸ್ ಅಂತ ರೇಟು, ಕುಡಿತ ಜೂಜಿಗೆ ದಂಡ, ಭಾನುವಾರ ಚರ್ಚಿಗೆ ಬರದಿದ್ರೆ 3 ಶಿಲ್ಲಿಂಗ್ ದಂಡ, ಬರೋವಾಗ ಬಂದೂಕು ಕತ್ತಿ ಮದ್ದು ತರ್ಬೇಕು. ಚರ್ಚ್ ತಪ್ಪಿಸಿದ ದಂಡವೂ ಒಂದು ಪೌಂಡ್ ಒಳ್ಳೇ ತಂಬಾಕಿನ ಬೆಲೆಯೂ ಒಂದೇ, ಇದಕ್ಕಿಂತ ಒಳ್ಳೇ ಸಾಲು ನಿಮಗೆ ಪ್ರಾಜೆಕ್ಟಿಗೆ ಸಿಗಲ್ಲ. ಅದೇ ಆಗಸ್ಟ್ ಕೊನೆಗೆ ವರ್ಜೀನಿಯಾದ ಪಾಯಿಂಟ್ ಕಂಫರ್ಟಿಗೆ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನ ತಂದು ಇಳಿಸಿದ್ರು ಅನ್ನೋದನ್ನೂ ಪಕ್ಕದಲ್ಲೇ ಬರೀರಿ.

ವರ್ಜೀನಿಯಾದಲ್ಲಿ ಚರ್ಚ್ ಅಂದ್ರೆ ಇಂಗ್ಲೆಂಡಿನ ಅಧಿಕೃತ ಚರ್ಚೇ, ಆದ್ರೆ ಬಿಷಪ್ ಸಮುದ್ರದ ಆಚೆ. ಹಾಗಾಗಿ ವೆಸ್ಟ್ರಿ ಅಂತ ಪ್ಯಾರಿಷ್ಷಿನ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) 12 ಜನ ದೊಡ್ಡ ಜಮೀನ್ದಾರ್ರ ಕಮಿಟಿದೇ ದರ್ಬಾರು, ಒಬ್ಬ ಸತ್ರೆ ಉಳಿದೋರೇ ಇನ್ನೊಬ್ಬನ್ನ ಸೇರಿಸ್ಕೊಳ್ತಿದ್ರು, ಚುನಾವಣೆ ಗಿನಾವಣೆ ಇಲ್ಲ. ಪಾದ್ರಿಯನ್ನ ಖಾಯಂ ಮಾಡದೆ ಈಗಿನ ಅತಿಥಿ ಉಪನ್ಯಾಸಕರನ್ನ ಇಟ್ಕೊಂಡ ಹಾಗೆ ವರ್ಷ ವರ್ಷ ಮುಂದುವರಿಸ್ತಿದ್ದ ಪ್ಯಾರಿಷ್‌ಗಳು ಎಷ್ಟೋ, ಸಂಬಳ ತಂಬಾಕಲ್ಲಿ, 1696ರ ಕಾನೂನಲ್ಲಿ ವರ್ಷಕ್ಕೆ 16,000 ಪೌಂಡ್ ತಂಬಾಕು ಅಂತ ನಿಗದಿ. ನ್ಯೂ ಇಂಗ್ಲೆಂಡಿಗೆ, ಅಂದ್ರೆ ಮ್ಯಾಸಚೂಸೆಟ್ಸ್ ಕಡೆಯ ಉತ್ತರದ ವಸಾಹತುಗಳಿಗೆ, ಸಂಸಾರ ಸಮೇತ ಬಂದ್ರು, ಅದಕ್ಕೇ ಊರು ಕಟ್ಟಿದ್ರು, ವರ್ಜೀನಿಯಾಗೆ ಬಂದೋರು ಹೆಚ್ಚಿನಂಶ ಹಡಗಿನ ಚಾರ್ಜಿಗೆ ನಾಲ್ಕರಿಂದ ಏಳು ವರ್ಷ ಜೀತಕ್ಕೆ ಬರ್ಕೊಟ್ಟ ಹುಡುಗ್ರು, ಜ್ವರ ಭೇದಿಲಿ ಸಾಯ್ತಿದ್ರು, ತೋಟಗಳು ನದಿ ದಂಡೆಲಿ ದೂರ ದೂರ, ಅಂಥ ಕಡೆ ಪಾದ್ರಿ ಭಾನುವಾರ ಎಷ್ಟು ಜನರನ್ನ ಸೇರಿಸ್ತಾನೆ.

ಧರ್ಮ ಆಸ್ತಿ ಮುಂದೆ ಹೇಗೆ ಬಗ್ತು ಅನ್ನೋಕೆ ಎಲಿಜಬೆತ್ ಕೀ ಕೇಸ್ ಸಾಕು. ಅಪ್ಪ ಇಂಗ್ಲಿಷ್ ಜಮೀನ್ದಾರ, ಅಮ್ಮ ಆಫ್ರಿಕನ್ ಗುಲಾಮಳು. ಅಪ್ಪ ಇಂಗ್ಲಿಷಿನೋನು, ನನಗೆ ದೀಕ್ಷಾಸ್ನಾನ ಆಗಿದೆ, ಒಪ್ಪಂದದ ಅವಧಿ ಮುಗಿದಿದೆ ಅಂತ ಕೋರ್ಟಿಗೆ ಹೋಗಿ 1656ರಲ್ಲಿ ಬಿಡುಗಡೆ ತಗೊಂಡ್ಳು. ಆ ಬಾಗಿಲು ಜಾಸ್ತಿ ದಿನ ತೆರೆದಿರ್ಲಿಲ್ಲ, 1662ರಲ್ಲಿ ಮಗು ಸ್ಥಿತಿ ತಾಯಿ ಸ್ಥಿತಿನೇ ಅಂತ ಕಾನೂನು, 1667ರಲ್ಲಿ ದೀಕ್ಷಾಸ್ನಾನ ಆದ್ರೂ ಗುಲಾಮಗಿರಿ ತಪ್ಪಲ್ಲ ಅಂತ ಇನ್ನೊಂದು ಕಾನೂನು. ಆಕೆ ಹಿಡ್ಕೊಂಡು ಹೋಗಿದ್ದ ವಾದಗಳನ್ನ ಒಂದೊಂದಾಗಿ ಮುಚ್ಚಿದ್ರು. ಪ್ಯೂರಿಟನ್ನರನ್ನ ಇಲ್ಲಿ ಒಳ್ಳೇರು ಮಾಡ್ಬೇಡಿ, ಅದೇ 1641ರ ಬಾಡಿ ಆಫ್ ಲಿಬರ್ಟೀಸಲ್ಲೇ ಯುದ್ಧದ ಕೈದಿಗಳನ್ನ, ಕೊಂಡ ಪರದೇಶಿಯರನ್ನ ಗುಲಾಮ ಮಾಡ್ಕೊಳ್ಳೋಕೆ ಜಾಗ ಇಟ್ಟಿದಾರೆ.

ಸಹಿಷ್ಣುತೆ ಅಂತ ಮೇರಿಲ್ಯಾಂಡನ್ನ ಹೊಗಳೋರಿದಾರೆ. ಕ್ಯಾಥೊಲಿಕ್ ಆದ ಕ್ಯಾಲ್ವರ್ಟ್ ಮನೆತನದ ವಸಾಹತು, ಪ್ರಾಟೆಸ್ಟೆಂಟರೇ ಜಾಸ್ತಿ, ತಮ್ಮವರು ಉಳೀಬೇಕಾದ್ರೆ ಎಲ್ರಿಗೂ ಜಾಗ ಕೊಡ್ಲೇಬೇಕಿತ್ತು, ಹಾಗೆ ಬಂದಿದ್ದು 1649ರ ಕಾನೂನು. ಒಬ್ಬರನ್ನೊಬ್ಬರು ಪ್ಯೂರಿಟನ್, ಪೇಪಿಸ್ಟ್ (ಪೋಪ್ ಕಡೆಯೋನು) ಅಂತ ಬೈದ್ರೆ 10 ಶಿಲ್ಲಿಂಗ್ ದಂಡ ಅಂತ ಇದೆ, ಚೆನ್ನಾಗಿದೆ, ಆದ್ರೆ ಅದೇ ಕಾನೂನಲ್ಲಿ ಏಸು ದೇವರ ಮಗ ಅಲ್ಲ ಅಂದ್ರೆ ಮರಣದಂಡನೆ. ಜೇಕಬ್ ಲುಂಬ್ರೋಜೊ ಅನ್ನೋ ಯಹೂದಿ ಡಾಕ್ಟರ್ 1658ರಲ್ಲಿ ಇದರಲ್ಲೇ ಸಿಕ್ಕಾಕೊಂಡ, ಆ ಹೊತ್ತಿಗೆ ಬಂದ ಸಾಮೂಹಿಕ ಕ್ಷಮಾದಾನದಿಂದ ಉಳ್ಕೊಂಡ. ಚಿಕ್ಕಪ್ಪ ಹೇಳೋ ಚರ್ಚ್ ಬೇರೆ ಸರ್ಕಾರ ಬೇರೆ ನಿಜವಾಗ್ಲೂ ಶುರುವಾಗಿದ್ದು ಅವರ ಮನೆಯಿಂದ ಸ್ವಲ್ಪ ದಕ್ಷಿಣಕ್ಕೆ, ರೋಡ್ ಐಲೆಂಡಲ್ಲಿ. ರೋಜರ್ ವಿಲಿಯಮ್ಸ್ ಅನ್ನೋ ಪಾದ್ರಿ, ದೇವರಿಗೆ ಸಂಬಂಧಪಟ್ಟ ತಪ್ಪಿಗೆ ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಡೋ ಹಾಗಿಲ್ಲ, ಅಲ್ಲಿನ ಮೂಲನಿವಾಸಿ ಇಂಡಿಯನ್ನರ ಜಮೀನನ್ನ ಇಂಗ್ಲೆಂಡ್ ರಾಜ ಯಾರಿಗೂ ದಾನ ಮಾಡೋ ಹಾಗಿಲ್ಲ ಅಂದ, 1635ರಲ್ಲಿ ಗಡಿಪಾರು ಮಾಡಿದ್ರು, ಮುಂದಿನ ವರ್ಷ ಪ್ರಾವಿಡೆನ್ಸ್ ಕಟ್ಟಿದ. ಗಮನಿಸಿ, ಇವನು ಕಮ್ಮಿ ಭಕ್ತ ಅಲ್ಲ, ಇದ್ದೋರಲ್ಲೆಲ್ಲ ಕಟ್ಟಾ ಭಕ್ತ, ಸರ್ಕಾರದ ಕೈ ತಾಕಿದ್ರೆ ಚರ್ಚ್ ಮೈಲಿಗೆ ಆಗತ್ತೆ ಅನ್ನೋ ಹೆದರಿಕೆ ಅವನದ್ದು.

ಮ್ಯಾಸಚೂಸೆಟ್ಸಿನ ಸೇಲಂ ಊರಿನ ಮಾಟಗಾತಿ ವಿಚಾರಣೆಗಳ ಬಗ್ಗೆ ಎರಡೇ ಮಾತು, 1692ರಲ್ಲಿ ಯಾರನ್ನೂ ಸುಟ್ಟಿಲ್ಲ, 19 ಜನರನ್ನ ನೇಣಿಗೆ ಹಾಕಿದ್ರು, ಒಬ್ಬನನ್ನ ಕಲ್ಲು ಹೇರಿ ಕೊಂದ್ರು. ತೀರ್ಪು ಕೊಟ್ಟೋರು ಪಾದ್ರಿಗಳಲ್ಲ, ಗವರ್ನರ್ ನೇಮಿಸಿದ ನ್ಯಾಯಾಧೀಶರು, ಮತ್ತೆ ಅಷ್ಟೊತ್ತಿಗೆ 1691ರ ಹೊಸ ಚಾರ್ಟರ್ ಬಂದು ಓಟು ಚರ್ಚ್ ಸದಸ್ಯತ್ವದಿಂದ ಆಸ್ತಿ ಲೆಕ್ಕಕ್ಕೆ ಬಂದಾಗಿತ್ತು.

ಈಗ ನಿಮ್ಮ ಪ್ರಾಜೆಕ್ಟ್. 13 ಕಾಲೋನಿ ಬೇಡ, ದಯವಿಟ್ಟು ಬೇಡ, ಒಂದೊಂದಕ್ಕೆ ಎರಡು ಪ್ಯಾರಾ ಬಂದು ಗೈಡಿನ ಜೆರಾಕ್ಸ್ ಆಗತ್ತೆ, ವೈವಾದಲ್ಲಿ ಮೊದಲ ಪ್ರಶ್ನೆಗೇ ಬೀಳ್ತೀರಿ. ಮ್ಯಾಸಚೂಸೆಟ್ಸ್ ಮತ್ತೆ ವರ್ಜೀನಿಯಾ ಎರಡನ್ನ ಪಕ್ಕ ಪಕ್ಕ ಇಟ್ಟು ಓಟು, ಚರ್ಚ್ ತೆರಿಗೆ, ಜಮೀನು ಅಂತ ನೋಡಿದ್ರೆ ಸೇಫು, ರಿಸ್ಕು ಏನಂದ್ರೆ ಉತ್ತರ ದಕ್ಷಿಣ ಅನ್ನೋ ಅದೇ ಹಳೇ ಗೆರೆಗೆ ಜಾರಿಬಿಡ್ತೀರಿ, ಅದಕ್ಕೆ ಮೇಲೆ ಹೇಳಿದ 1611ರ ಕಾನೂನು, ಹಂದಿ ಕೇಸು ಎರಡನ್ನೂ ಬಿಡ್ಬೇಡಿ. ಭಾರತದ ಲಿಂಕ್ ಹಾಕೋ ಆಸೆ ಇದ್ರೆ ಇದೆ: ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಥಾಮಸ್ ಸ್ಮಿತ್‌ನೇ ವರ್ಜೀನಿಯಾ ಕಂಪನಿನೂ ನಡೆಸ್ತಿದ್ದ, ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ದುಡ್ಡು ಮಾಡಿದ ಬಾಸ್ಟನ್ ಸಂಜಾತ ಎಲಿಹು ಯೇಲ್ 1718ರಲ್ಲಿ ಕನೆಕ್ಟಿಕಟ್ಟಿನ ಕಾಲೇಜಿಗೆ ಸರಕು, ಪುಸ್ತಕ ಕಳಿಸಿ ಹೆಸರು ಹಾಕಿಸ್ಕೊಂಡ. ಆದ್ರೆ ಅದು ಇನ್ನೊಂದು ಪ್ರಾಜೆಕ್ಟು, ಇದರೊಳಗೆ ತುರುಕಿದ್ರೆ ಎರಡೂ ಕೆಡತ್ತೆ, ಫುಟ್‌ನೋಟಲ್ಲಿ ಇರ್ಲಿ.

ನನ್ನ ಓಟು ಹಚಿನ್‌ಸನ್ ಕೇಸಿಗೆ. ಸೂಲಗಿತ್ತಿ ಕೆಲಸ ಮಾಡ್ತಿದ್ದ ಹೆಂಗಸು, ಮನೇಲಿ ಜನ ಸೇರಿಸಿ ಪಾದ್ರಿಗಳ ಪ್ರವಚನ ವಿಮರ್ಶೆ ಮಾಡ್ತಾಳೆ, ಗವರ್ನರ್ ವಿಂತ್ರಪ್ ತಾನೇ ಆಪಾದನೆ ಹೊರಿಸಿ ತಾನೇ ವಿಚಾರಣೆ ನಡೆಸ್ತಾನೆ, ಜ್ಯೂರಿ ಇಲ್ಲ, ಪಾದ್ರಿಗಳು ಬರ್ತಾರೆ ಆದ್ರೆ ಸಾಕ್ಷಿಗಳಾಗಿ. ಸರ್ಕಾರ, ಧರ್ಮ, ಸಮಾಜ ಮೂರೂ ಒಂದೇ ರೂಮಲ್ಲಿ. ರಿಸ್ಕು ಎರಡು. ಆಕೆ ಮಾತು ನಮಗೆ ಸಿಗೋದು ಬೇರೆಯವರು ಬರ್ಕೊಂಡ ವರದಿಲಿ, ವಿಂತ್ರಪ್ಪನ ದಿನಚರಿಯಂತೂ ವಿರೋಧಿ ಬರೆದಿದ್ದು, ಅದನ್ನ ಮೊದಲ ಪುಟದಲ್ಲೇ ಹೇಳಿಬಿಡಿ. ಎರಡನೇದು ಆಕೆಯನ್ನ ಇವತ್ತಿನ ಮಹಿಳಾ ಹೋರಾಟಗಾರ್ತಿ ಮಾಡಿಬಿಡೋ ಆಸೆ, ಅದನ್ನ ತಡ್ಕೊಳ್ಳಿ, ಆಕೆ ಜಗಳ ದೇವರ ಕೃಪೆ ಬಗ್ಗೆ. ಆಕೆ ಜೊತೆಗಿದ್ದ ಮೇರಿ ಡಯರ್ ಕಥೆನ ಕೊನೇ ಅಧ್ಯಾಯಕ್ಕೆ ಇಟ್ಕೊಳ್ಳಿ, ಮುಂದೆ ಕ್ವೇಕರ್ (ಪ್ಯೂರಿಟನ್ನರು ಸಹಿಸದ ಇನ್ನೊಂದು ಕ್ರೈಸ್ತ ಪಂಥ) ಆಗಿ, 1659ರ ಅಕ್ಟೋಬರಲ್ಲಿ ಕುತ್ತಿಗೆಗೆ ಹಗ್ಗ ಹಾಕಿದ್ಮೇಲೆ ಬಿಟ್ಟು ಕಳಿಸಿದ್ರೂ ಮತ್ತೆ ಬಾಸ್ಟನ್ನಿಗೆ ಬಂದು 1660ರ ಜೂನ್ 1ಕ್ಕೆ ನೇಣಿಗೆ ಹೋದೋಳು. ಅಂಥ ನೇಣು ನಿಲ್ಲಿಸಿ ಅಂತ ಚಾರ್ಲ್ಸ್ ರಾಜನ ಕಾಗದ ಬಂದಿದ್ದು 1661ರಲ್ಲಿ.

ಎಂಸಿಕ್ಯೂ ಪರೀಕ್ಷೆಲಿ ಮಾತ್ರ ಧಾರ್ಮಿಕ ಸ್ವಾತಂತ್ರ್ಯ ಅಂತ ಆಪ್ಷನ್ ಇದ್ರೆ ಅದನ್ನೇ ಟಿಕ್ ಮಾಡಿ ಬನ್ನಿ, ಅಲ್ಲಿ ವಾದ ಮಾಡೋಕೆ ಜಾಗ ಇಲ್ಲ.

ಇನ್ನು ಸಿನಾಪ್ಸಿಸಲ್ಲಿ ಒಂದು ತಪ್ಪಿದೆ, ಕೊಡೋ ಮುಂಚೆ ಸರಿ ಮಾಡ್ಕೊಳ್ಳಿ. ಹಚಿನ್‌ಸನ್ ಮೇಲಿನ ಚರ್ಚ್ ವಿಚಾರಣೆ 1637ರ ಮಾರ್ಚ್, ಸರ್ಕಾರದ ವಿಚಾರಣೆ 1637ರ ನವೆಂಬರ್, ಹಾಗಾಗಿ ಚರ್ಚ್ ಮೊದಲು ತೀರ್ಮಾನ ಮಾಡಿ ಆಮೇಲೆ ಸರ್ಕಾರದ ಕೈಲಿ ಶಿಕ್ಷೆ ಕೊಡಿಸ್ತು ಅಂತ ಬರೆದು ಅದರ ಮೇಲೆ ಥಿಯಾಕ್ರಸಿ ವಾದ ಕಟ್ಟಿದೀರಿ. ಆಗ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ, ದಾಖಲೆಲಿ 1637ರ ಮಾರ್ಚ್ ಅಂತಿರೋದು ನಮ್ಮ ಲೆಕ್ಕದಲ್ಲಿ 1638ರ ಮಾರ್ಚ್. ಅಂದ್ರೆ ನವೆಂಬರಲ್ಲಿ ಸರ್ಕಾರ ಗಡಿಪಾರು ಅಂತ ತೀರ್ಪು ಕೊಡ್ತು, ಚಳಿಗಾಲ ಪೂರ್ತಿ ರಾಕ್ಸ್‌ಬರಿಲಿ ಒಂದು ಮನೇಲಿ ಕೂಡಿ ಹಾಕಿದ್ರು, ಚರ್ಚ್ ಬಹಿಷ್ಕಾರ ಹಾಕಿದ್ದು ಅದಾದ್ಮೇಲೆ. ಎರಡನೇ ಅಧ್ಯಾಯ ಈ ಕ್ರಮದಲ್ಲಿ ಮತ್ತೆ ಬರೆದು ಕಳಿಸಿ, ನೋಡ್ತೀನಿ.